ಭಾಸ್ಕರ ಬರೆದ ಸೊನ್ನೆ

ಸುಚಿತಾ ಹರಿಕಂತ್ರ ಮಿದುಳಿನ ವಿಜ್ಞಾನಿ ಎಂದರೆ ಹೊನ್ನಾವರದ ಮೀನುಪೇಟೆಯಲ್ಲಿ ಯಾರಿಗೂ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಅಲ್ಲಿ ಮೀನು ಮಾರುವ ಅವಳ ತಾಯಿ ಗಂಗೆ, ಕೇಳಿದವರಿಗೆಲ್ಲ "ನಮ್ಮ ಹುಡುಗಿ ತಲೆ ಡಾಕ್ಟ್ರು, ಆದ್ರೆ ಮದ್ದು ಕೊಡುದಿಲ್ಲ" ಎಂದು ಹೇಳಿ ಮುಗಿಸುತ್ತಿದ್ದಳು. ಅದು ತಪ್ಪೇನೂ ಅಲ್ಲ. ಚಟ ಬಿಟ್ಟವರ ಮಿದುಳು ಬಿಟ್ಟ ವಸ್ತುವನ್ನು ಎಷ್ಟು ಕಾಲ ನೆನಪಿಟ್ಟುಕೊಂಡಿರುತ್ತದೆ ಎಂಬುದನ್ನು ಅಳೆಯುವುದು ಅವಳ ಕೆಲಸವಾಗಿತ್ತು.

ಆ ಕೆಲಸವನ್ನು ಅವಳು ಹಿಡಿದದ್ದು ತಮ್ಮ ಭಾಸ್ಕರನಿಂದಾಗಿ. ಹೊಳೆಯಾಚೆಯ ಕಾಸರಕೋಡಿನಿಂದ ಹೊರಡುವ ಟ್ರಾಲ್ ಬೋಟಿನಲ್ಲಿ ಅವನು ಬಲೆ ಎಳೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಬಲೆ ಸುತ್ತುವ ವಿಂಚಿನ ಹಗ್ಗ ತುಂಡಾಗಿ ಬೆನ್ನಿಗೆ ಬಡಿಯಿತು. ಮೊದಲು ಡಾಕ್ಟರು ಒಂದು ವಾರಕ್ಕೆ ಬರೆದುಕೊಟ್ಟ ನೋವಿನ ಮಾತ್ರೆ, ಆಮೇಲೆ ಬೋಟಿನಲ್ಲೇ ಕೈಯಿಂದ ಕೈಗೆ ಸಿಗುವ ಮಾತ್ರೆಯಾಯಿತು. ಅಫೀಮಿನ ಜಾತಿಯದು. ಅದನ್ನು ನುಂಗಿದರೆ ಇಪ್ಪತ್ತು ಗಂಟೆ ಬಲೆ ಎಳೆದರೂ ಮೈ ನೋಯುವುದಿಲ್ಲ. ಮೂರನೆಯ ವರ್ಷಕ್ಕೆ ಅವನಿಗೆ ಒಮ್ಮೆಗೇ ಹತ್ತು ಬೇಕಾಗುತ್ತಿತ್ತು. ಒಂದು ದಿನ ಮಂಜುಗಡ್ಡೆಯ ಕೋಣೆಯಲ್ಲಿ ಕಾಲು ಹುಗಿದುಕೊಂಡೇ ನಿದ್ದೆ ಹೋದ. ಎಡಗಾಲಿನ ಎರಡು ಬೆರಳು ಕಪ್ಪಾಗಿ, ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಆ ಕಾಲನ್ನು ನೋಡಿಕೊಂಡು ಅತ್ತ. ಈ ಜನವರಿಯಲ್ಲಿ ತಾನೇ ಹೋಗಿ ಚಟ ಬಿಡಿಸುವ ಕೇಂದ್ರಕ್ಕೆ ಸೇರಿ, ಬಿಟ್ಟೂ ಬಿಟ್ಟ.

ಜುಲೈನಲ್ಲಿ ಸುಚಿತಾ ಅಧ್ಯಯನಕ್ಕೆಂದು ಊರಿಗೆ ಬಂದಳು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಿಂದ ಮಾತ್ರೆ ಬಿಟ್ಟ ಅರವತ್ತು ಜನ ಬರಬೇಕಿತ್ತು. ಕುಮಟಾದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಎರಡು ಕೋಣೆ ಸಿಕ್ಕಿತು. ತಲೆಗೆ ತಂತಿಗಳ ಟೊಪ್ಪಿ ಹಾಕಿ, ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ, ಮಿದುಳಿನಲ್ಲಿ ಏಳುವ ಅಲೆಗಳನ್ನು ದಾಖಲಿಸುವುದು ಅವಳ ಕ್ರಮ. ಕೆಲವು ಚಿತ್ರ ತೆಂಗಿನಮರ, ಕೊಡೆಯಂಥವು. ಕೆಲವು ಚಟಕ್ಕೆ ಸಂಬಂಧಪಟ್ಟವು. ವಿದೇಶದಿಂದ ಬಂದ ಚಿತ್ರಗಳಲ್ಲಿ ಬರೀ ಸೂಜಿ, ಮದ್ದು ಕಾಯಿಸುವ ಚಮಚ. ಭಾಸ್ಕರ ನೋಡಿ ನಕ್ಕುಬಿಟ್ಟ.

"ಇದೆಂತದೇ ಅಕ್ಕಾ? ನಮ್ಮಲ್ಲಿ ಯಾರು ಚಮಚ ಹಿಡ್ಕಂಡು ಕೂರ್ತಾರೆ? ಬಾ, ನಾ ತೋರಿಸ್ತೆ."

ಆಗ ಮೀನುಗಾರಿಕೆಗೆ ಮಳೆಗಾಲದ ನಿಷೇಧ. ಬೋಟುಗಳೆಲ್ಲ ದಡದಲ್ಲಿ ಸಾಲಾಗಿ ನಿಂತಿದ್ದವು. ಅವನು ಕುಂಟುತ್ತ ಮುಂದೆ, ಅವಳು ಕ್ಯಾಮೆರಾ ಹಿಡಿದು ಹಿಂದೆ. ಮಾತ್ರೆ ಪಟ್ಟಿಯ ಬೆಳ್ಳಿ ಬೆನ್ನು, ಅದನ್ನು ಪುಡಿಮಾಡಿ ಕಲಸುವ ಚಾ ಗ್ಲಾಸು, ಪಟ್ಟಿ ಬಚ್ಚಿಡಲು ಚಾಲಕನ ಕೋಣೆಯ ಹಿಂದಿದ್ದ ನೀಲಿ ಡ್ರಮ್ಮು, ತುಕ್ಕು ಹಿಡಿದ ವಿಂಚು. "ಇದ್ರ ಸದ್ದು ಕೇಳಿದ ಕೂಡ್ಲೆ ಕೈ ಕಿಸೆಗೆ ಹೋಗ್ತಿತ್ತು" ಎಂದು ವಿಂಚನ್ನು ತಟ್ಟಿ ಹೇಳಿದ. ಶಾಲೆ ಮಾಸ್ತರರು ಪಾಠ ಮಾಡಿದಂತೆ ಅವನು ವಿವರಿಸುತ್ತಿದ್ದರೆ ಸುಚಿತಾಳಿಗೆ ಹೆಮ್ಮೆಯಾಯಿತು.

ಯಂತ್ರ ಸರಿಯಿದೆಯೇ ಎಂದು ನೋಡಲು ಒಂದು ತಲೆ ಬೇಕಿತ್ತು. "ನಂದೇ ಅದೆಯಲ್ಲ" ಎಂದು ಅವನೇ ಕುರ್ಚಿಯಲ್ಲಿ ಕೂತ. ಸ್ವಂತ ತಮ್ಮನಾದ್ದರಿಂದ ಅವನನ್ನು ಅಧ್ಯಯನಕ್ಕೆ ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಕಡತಕ್ಕೆ ಬರೀ 'ಪರೀಕ್ಷೆ' ಎಂದು ಹೆಸರಿಟ್ಟಳು. ಪ್ರತಿ ಚಿತ್ರದ ನಂತರ, ಮಾತ್ರೆ ಬೇಕೆಂಬ ಆಸೆ ಎಷ್ಟಾಯಿತು ಎಂದು ಸೊನ್ನೆಯಿಂದ ಹತ್ತರ ಒಳಗೆ ಅಂಕಿ ಬರೆಯಬೇಕು. ಭಾಸ್ಕರ ಎಲ್ಲ ಸಾಲಿನಲ್ಲೂ ದುಂಡಗೆ ಸೊನ್ನೆ ಬರೆದ. ಸುಳ್ಳು ಬರೆಯಲಿಲ್ಲ. ಅವನಿಗೆ ನಿಜಕ್ಕೂ ಏನೂ ಅನ್ನಿಸಿರಲಿಲ್ಲ.

ಟೊಪ್ಪಿಗೆಂದು ಹಚ್ಚಿದ ಅಂಟನ್ನು ತಲೆಯಿಂದ ತೊಳೆಯಲು ಅವನು ಹೋದಾಗ ಸುಚಿತಾ ಅಲೆಗಳ ಸರಾಸರಿ ತೆಗೆದಳು. ತೆಂಗಿನಮರಕ್ಕೆ ಗೆರೆ ಹೆಚ್ಚೂಕಡಿಮೆ ಸಪಾಟು. ಮಾತ್ರೆಯ ಪಟ್ಟಿಗೆ ಎದ್ದು ನಿಂತಿತ್ತು. ವಿಂಚಿಗೆ ಇನ್ನೂ ಎತ್ತರ. ಬಿಟ್ಟ ಮೊದಲ ತಿಂಗಳುಗಳಲ್ಲಿ ಮನಸ್ಸಿನ ಆಸೆ ಇಳಿಯುತ್ತ ಹೋದರೂ ಮಿದುಳಿನ ಸೆಳೆತ ಸದ್ದಿಲ್ಲದೆ ಬೆಳೆಯಬಹುದು ಎಂದು ಅವಳು ಓದಿದ್ದಳು, ಬರೆದಿದ್ದಳು, ಸಭೆಗಳಲ್ಲಿ ನಿಂತು ಹೇಳಿದ್ದಳು.

ಭಾಸ್ಕರ ಪಂಚೆಯಲ್ಲಿ ತಲೆ ಒರೆಸಿಕೊಳ್ಳುತ್ತ ಬಂದ. "ಎಂತ ಕಂಡ್ತೇ? ಒಳಗೆ ಎಂತಾದ್ರೂ ಉಳಿದದ್ಯಾ?"

ಅವನ ಮುಖದಲ್ಲಿ ಆರು ತಿಂಗಳಲ್ಲಿ ಮರಳಿ ತುಂಬಿಕೊಂಡ ಕೆನ್ನೆ ಕಂಡಿತು. ಅವಳು ಪರದೆ ಆರಿಸಿದಳು.

"ಮಷಿನ್ ಸರಿ ಅದೆ" ಎಂದಳು.

"ಹಂಗಾದ್ರೆ ಆತು. ಒಂದನೇ ತಾರೀಕಿಂದ ತಿಮ್ಮಣ್ಣ ಬೋಟಿಗೆ ಕರೀತಿದ್ದ. ಹೋಗ್ತೆ."

"ಹುಷಾರಿ" ಎಂದಳು. ಅಷ್ಟೇ ಹೇಳಿದಳು.

ಆಗಸ್ಟ್ ಹನ್ನೊಂದರ ಬೆಳಿಗ್ಗೆ ಬೋಟು ವಾಪಸು ಬಂತು. ಆಮೇಲಿನದನ್ನು ಬೋಟು ನಡೆಸುವ ತಿಮ್ಮನೇ ಬಂದು ಸುಚಿತಾಳಿಗೆ ಹೇಳಿದ. ಮೀನು ಇಳಿಸಿದ ಮೇಲೆ ಭಾಸ್ಕರ ಬೆನ್ನು ಹಿಡಿದುಕೊಂಡು ಕೂತಿದ್ದ. ಸ್ವಲ್ಪ ಹೊತ್ತು ಎಲ್ಲೋ ಹೋಗಿಬಂದು, ಉಂಡು, ಶೆಡ್ಡಿನೊಳಗೆ ಬಲೆಯ ರಾಶಿಯ ಮೇಲೆ ಮಲಗಿದ. "ದೊಡ್ಡ ಗೊರಕೆ ಹೊಡೀತಿದ್ದ ತಂಗಿ. ದಣಿದು ಬಿದ್ದಾನೆ, ಎಬ್ಬಿಸೂದು ಬೇಡ ಅಂತ ನಾನೇ ಎಲ್ಲರಿಗೂ ಹೇಳ್ದೆ." ನಾಲ್ಕು ಗಂಟೆಗೆ ಚಾ ತಂದು ಅಲುಗಾಡಿಸಿದಾಗ ತುಟಿ ನೀಲಿಯಾಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಕಿಸೆಯಲ್ಲಿ ಹತ್ತು ಮಾತ್ರೆಯ ಖಾಲಿ ಪಟ್ಟಿ ಇತ್ತು. ಅವನ ಹಳೆಯ ಲೆಕ್ಕ ಅದು. ಅಷ್ಟನ್ನು ತಾಳಿಕೊಳ್ಳುವುದನ್ನು ಮೈ ಏಳು ತಿಂಗಳಲ್ಲಿ ಮರೆತುಬಿಟ್ಟಿತ್ತು, ತಲೆ ಆ ಲೆಕ್ಕವನ್ನು ಮರೆತಿರಲಿಲ್ಲ. ಬೇರೆ ಯಾರೂ ಸುಚಿತಾಳಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.

ಹನ್ನೆರಡರ ಕಾರ್ಯ ಮುಗಿದ ಮರುದಿನ ಗಂಗೆ ಮಗಳ ಎದುರು ಬಂದು ಕೂತಳು.

"ಅವನ ತಲೆಗೆ ಟೊಪ್ಪಿ ಹಾಕಿ ನೋಡಿದ್ಯಂತೆ. ಒಳಗೆ ಎಂತ ಇತ್ತು, ನಂಗೂ ತೋರ್ಸು."

ಸುಚಿತಾ ಲ್ಯಾಪ್‌ಟಾಪ್ ತೆರೆದಳು. ಗಂಗೆ ತೆಂಗಿನಮರದ್ದು, ಮಾತ್ರೆಯದು ಎರಡು ಗೆರೆಗಳನ್ನೂ ಬೆರಳಿನಿಂದ ಮೆಲ್ಲಗೆ ಸವರಿದಳು.

"ಈ ಎತ್ತರದ್ದು ಎಂತದು?"

"ಆ ಮಾತ್ರೆ ಇನ್ನೂ ಅವನ್ನ ಎಳೀತಿತ್ತು ಅಬ್ಬೆ. ಅವಂಗೇ ಗೊತ್ತಿರ್ಲಿಲ್ಲ."

"ನಿಂಗೆ ಗೊತ್ತಿತ್ತಲ್ಲ."

"ಹ್ಞೂಂ."

"ಹೇಳಿದ್ರೆ ಅವ ಬೋಟಿಗೆ ಹೋಗ್ತಿರ್ಲಿಲ್ವಾ?"

"ಗೊತ್ತಿಲ್ಲ. ಹೋಗ್ತಿದ್ನೇನೋ. ಆದ್ರೆ ಹಳೇ ಅಳತೆ ಮೈ ತಡೆಯೂದಿಲ್ಲ ಅಂತ ಗೊತ್ತಿದ್ರೆ ಹತ್ತು ನುಂಗ್ತಿರ್ಲಿಲ್ಲ."

ಗಂಗೆ ಅಳಲಿಲ್ಲ, ಬೈಯಲೂ ಇಲ್ಲ. ಎದ್ದುಹೋಗಿ ಹಿತ್ತಲಲ್ಲಿ ಮೀನಿನ ಬುಟ್ಟಿಗಳನ್ನು ತೊಳೆಯತೊಡಗಿದಳು. ಒಣಗಿದ್ದ ಬುಟ್ಟಿಗಳನ್ನೂ ಮತ್ತೆ ಮತ್ತೆ ತೊಳೆದಳು. ಅಂದಿನಿಂದ ಮಗಳ ಹತ್ತಿರ ಮಾತು ನಿಲ್ಲಿಸಿದಳು. ಊಟ ಬಡಿಸುತ್ತಿದ್ದಳು, ತಟ್ಟೆ ಎತ್ತುತ್ತಿದ್ದಳು, ಅಷ್ಟೇ.

ಸುಚಿತಾ ತನ್ನ ಸಂಸ್ಥೆಯ ಹಿರಿಯ ವಿಜ್ಞಾನಿ ಮಾಲಿನಿಯವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅಧ್ಯಯನ ಬಿಡುತ್ತೇನೆ ಎಂದಳು.

"ನೀನು ಯಾವ ನಿಯಮವನ್ನೂ ಮುರಿದಿಲ್ಲ, ಸುಚಿತಾ" ಎಂದರು ಮಾಲಿನಿ.

"ಅದೇ ಮೇಡಂ ಕಷ್ಟ. ನನ್ನ ಬಾಯಿ ಕಟ್ಟೋ ನಿಯಮ ಯಾವುದೂ ಇರ್ಲಿಲ್ಲ. ಅವನು ಗುಣವಾಗಿದ್ದಾನೆ ಅಂತ ನಂಬೋದು ನನಗೇ ಬೇಕಾಗಿತ್ತು."

ಮಾಲಿನಿ, "ಹಾಗಾದ್ರೆ ಉಳಿದವರಿಗೆ ಹೇಳು. ಬರುವವರು ಸಹಿ ಮಾಡುವ ಅನುಮತಿ ಪತ್ರದಲ್ಲಿ ಏನು ಸೇರಿಸಬೇಕೋ ಬರೆದು ಕಳಿಸು" ಎಂದರು.

ಅಕ್ಟೋಬರಿನಿಂದ ಅಧ್ಯಯನಕ್ಕೆ ಬರುವವರ ಜೊತೆ ಮನೆಯವರೊಬ್ಬರು ಬರಲೇಬೇಕೆಂದಾಯಿತು. ಟೊಪ್ಪಿ ಹಾಕುವ ಮೊದಲು ಸುಚಿತಾ ಅವರಿಗೆ ಎರಡು ಮಾತು ಹೇಳುತ್ತಿದ್ದಳು: ಆಸೆ ಇಲ್ಲ ಅನ್ನಿಸಿದರೂ ಮಿದುಳಿನಲ್ಲಿ ಸೆಳೆತ ಇರಬಹುದು; ಬಿಟ್ಟವರು ಎಂದಾದರೂ ಎಡವಿದರೆ ಹಳೆಯ ಅಳತೆಯೇ ಪ್ರಾಣ ತೆಗೆಯುತ್ತದೆ. ಭಟ್ಕಳದಿಂದ ಮಗನನ್ನು ಕರೆತಂದಿದ್ದ ವನಮಾಲಾ ಎಂಬಾಕೆಗೆ ಸಿಟ್ಟು ಬಂತು. "ಬಿಟ್ಟವನ ಎದುರು ಇಂಥ ಮಾತು ಆಡೂದಾ?" ಎಂದು ಜಗಳಕ್ಕೇ ನಿಂತಳು. ಸುಚಿತಾ ಭಾಸ್ಕರನ ಕಥೆ ಹೇಳಬೇಕಾಯಿತು. ಆಮೇಲೆ ಎಲ್ಲರಿಗೂ ಅದನ್ನೇ ಹೇಳಿದಳು. ಹೇಳಿ ಹೇಳಿ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಡಿಸೆಂಬರಿನಲ್ಲಿ ಮನೆಯವರನ್ನೆಲ್ಲ ಸೇರಿಸಿ ಕುಮಟಾದಲ್ಲಿ ಒಂದು ಸಭೆ ಕರೆದಳು. ಹದಿನೈದು ಹೆಂಗಸರು, ನಾಲ್ಕು ಗಂಡಸರು. ಮಾತು ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ಗಂಗೆ ಕಾಣಿಸಿದಳು. ಯಾರೂ ಕರೆದಿರಲಿಲ್ಲ. ಹಳದೀಪುರದ ಮೇಲೆ ಹಾದುಬರುವ ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಮಗಳ ಕಡೆ ನೋಡದೆ ಕೊನೆಯ ಬೆಂಚಿನಲ್ಲಿ ವನಮಾಲಾಳ ಪಕ್ಕ ಕೂತಳು.

ವನಮಾಲಾ ಕೇಳಿದಳು, "ನಿದ್ದೆ ಯಾವ್ದು, ವಿಷ ಏರಿದ್ದು ಯಾವ್ದು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಸುಚಿತಾ ಬಾಯಿ ತೆರೆಯುವಷ್ಟರಲ್ಲಿ ಗಂಗೆಯೇ ಹೇಳಿದಳು.

"ಹೊಡೆದು ಎಬ್ಬಿಸು. ಬೈದ್ರೆ ಬೈಲಿ. ಏಳ್ಲಿಲ್ಲ ಅಂದ್ರೆ ಯಾರನ್ನೂ ಕೇಳೂಕೆ ಹೋಗ್ಬೇಡ, ಗಾಡಿಗೆ ಹತ್ಸು. ನನ್ನ ಮಗ ಎರಡು ತಾಸು ಮಲಗಿದ್ದ. ಪಾಪ, ನಿದ್ದೆ ಮಾಡ್ಲಿ ಅಂತ ಎಲ್ಲರೂ ಬಿಟ್ರು."

ವನಮಾಲಾ ಗಂಗೆಯ ಕೈ ಹಿಡಿದುಕೊಂಡಳು.

ಸಭೆ ಮುಗಿದ ಮೇಲೆ ಸುಚಿತಾ ತಾಯಿಯ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಹೊನ್ನಾವರದ ಬಸ್ಸು ಬಂತು. ಗಂಗೆ ಹತ್ತಿ, ಕಿಟಕಿಯ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆಗೇ ನೋಡುತ್ತ ಕೇಳಿದಳು:

"ಮತ್ತೆ ಯಾವಾಗ ಕರೀತೆ ಇವ್ರನ್ನೆಲ್ಲ?"

"ಬರೂ ತಿಂಗಳು, ಎರಡನೇ ಶನಿವಾರ."

"ಆತು" ಎಂದಳು ಗಂಗೆ. ನಾಲ್ಕು ತಿಂಗಳಲ್ಲಿ ಮಗಳಿಗೆ ಅವಳಾಡಿದ ಮೊದಲ ಮಾತುಗಳು ಅವು. ಬಸ್ಸು ಹೊರಟಿತು.