ತಿರುಗಿ ಕೂತ ದ್ವೀಪ

ಸ್ಯಾನ್-ಜಾಕ್ ಬೀದಿಯಲ್ಲಿ ಭೂಪಟ ಕೊರೆಯುವ ಅಂಗಡಿಗಳು ಎಷ್ಟಿದ್ದರೂ ಎಲ್ಲರ ಸೊಕ್ಕು ಸೇರಿಸಿದರೂ ನಮ್ಮಪ್ಪನೊಬ್ಬರ ಸೊಕ್ಕಿಗೆ ಸಾಟಿಯಾಗುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ತಾಮ್ರದ ಹಲಗೆಯ ಮೇಲೆ ಊರು, ನದಿ, ಬೆಟ್ಟಗಳ ಹೆಸರು ಕೊರೆಯುತ್ತಿದ್ದವಳು ನಾನು. ಮೂಲೆಯಲ್ಲಿ ಬೀಳುತ್ತಿದ್ದದ್ದು ಮಾತ್ರ ಅಪ್ಪನ ಹೆಸರು, ಅನ್ಸೆಲ್ಮ್. ಪ್ವಾತು ಪ್ರಾಂತ್ಯದ ಪಟ ಶುರುವಾದಾಗ ಹಟ ಹಿಡಿದೆ.

"ಮೊದಲ ಅಚ್ಚಿನಲ್ಲಿ ಒಂದು ತಪ್ಪೂ ಸಿಗದಿದ್ರೆ ನಿನ್ನ ಹೆಸರೂ ಹಾಕೋಣ," ಅಂದರು ಅಪ್ಪ. "ಸಿಕ್ಕಿದ್ರೆ ಇನ್ನು ಆ ಮಾತೆತ್ತಕೂಡದು."

ಗುರುವಾರ ಬೆಳಿಗ್ಗೆ ಆ ಅಚ್ಚು ತೆಗೆದೆವು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಪ್ರಾಂತ್ಯಾಧಿಕಾರಿಯ ಕಾರ್ಯದರ್ಶಿ ಪಟ ಒಯ್ಯಲು ಬರುವವನಿದ್ದ. ಅಚ್ಚಿನಾಳು ಬ್ಲೇಜ್ ಚಕ್ರ ತಿರುಗಿಸಿ ಒದ್ದೆ ಹಾಳೆ ಎತ್ತಿದ. ಬ್ಲೇಜ್ ಯೂ ದ್ವೀಪದವನು, ಕಣ್ಣು ನೆಟ್ಟಗೆ ತನ್ನೂರಿಗೇ ಹೋಯಿತು.

"ತಂಗಿ, ನಮ್ಮ ಬಂದರು ಎಲ್ಲಿ?"

"ಅಲ್ಲೇ ಇದೆಯಲ್ಲ."

"ಇದು ತೆರೆದ ಕಡಲಿನ ಕಡೆ. ನಮ್ಮದು ನೆಲದ ಕಡೆ, ಕರಾವಳಿಗೆ ಮುಖ ಮಾಡಿ ಇರೋದು. ನಮ್ಮಣ್ಣ ಇಲ್ಲಿ ದೋಣಿ ಕಟ್ಟಿದ್ರೆ ಇಷ್ಟೊತ್ತಿಗೆ ಅದು ಒಲೆಗೆ ಸೌದೆ ಆಗಿರೋದು."

ತಾಮ್ರದ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆದರೇನೇ ಕಾಗದದ ಮೇಲೆ ನೇರ ಬರುತ್ತದೆ. ಇಡೀ ಪಟ ಹಾಗೇ ಇತ್ತು, ಈ ದ್ವೀಪವೊಂದನ್ನು ಬಿಟ್ಟು. ಅದರ ಅಳತೆ ತಡವಾಗಿ, ಬೇರೆ ಹಾಳೆಯಲ್ಲಿ ಬಂದಿತ್ತು. ಅದನ್ನು ಆಚೆಬದಿ ಕಾಣುವ ಎಣ್ಣೆಕಾಗದದಲ್ಲಿ ನಕಲು ಮಾಡಿ, ಗೆರೆಯನ್ನು ತಾಮ್ರಕ್ಕೆ ಇಳಿಸಿದವರು ಅಪ್ಪನೇ. ಆ ಎಣ್ಣೆಕಾಗದ ತೆಗೆದು ನೋಡಿದೆ. ಕೆಂಪು ಪುಡಿ ಹಚ್ಚಿದ ಬದಿಯನ್ನು ತಾಮ್ರಕ್ಕೆ ಒತ್ತಿ ಗೆರೆ ಇಳಿಸುವುದು. ಚಿತ್ರವಿರುವ ಬದಿಗೆ ಹಚ್ಚಬೇಕಿದ್ದ ಆ ಪುಡಿ ಹಿಂಬದಿಗೆ ಹತ್ತಿತ್ತು. ಕಳೆದ ಚಳಿಗಾಲದಿಂದ ಅಪ್ಪ ರೊಟ್ಟಿಯನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಕಣ್ಣು ಮಂಜಾಗಿದೆ ಅಂತ ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಯಾರು ಮಾಡಿದ್ದು ಇದನ್ನ?" ಬ್ಲೇಜ್‌ನ ಮಾತು ಕಿವಿಗೆ ಬಿದ್ದು ಅಪ್ಪ ಗುಡುಗಿದರು.

ಬ್ಲೇಜ್ ನನ್ನ ಮುಖ ನೋಡಿದ. ಹನ್ನೊಂದು ವರ್ಷ ನೀರಲ್ಲಿ ಹೋಮವಾಯಿತು ಅನ್ನಿಸಿತು. ಆದರೂ, "ನಾನೇ ಅಪ್ಪ," ಅಂದೆ.

"ಹಾಗಾದ್ರೆ ಹೆಸರಿನ ಮಾತು ಮುಗೀತು. ಕೂತು ಸರಿಮಾಡು."

ಒಂಬತ್ತು ಗಂಟೆಯಾಗಿತ್ತು. ದ್ವೀಪವನ್ನು ಹೆರೆದು ತೆಗೆದೆ. ಅಲ್ಲಿ ತಗ್ಗು ಬಿತ್ತು. ಹಲಗೆ ಮಗುಚಿ, ಬೆನ್ನಿನಲ್ಲಿ ಅದೇ ಜಾಗ ಅಳೆದು ಗುರುತು ಹಾಕಿ, ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದು ತಗ್ಗನ್ನು ಮೇಲೆತ್ತಬೇಕು. ಪಕ್ಕದಲ್ಲೇ, ಒಂದು ಬೆರಳಿನಾಚೆ, ಕರಾವಳಿಯ ಮೂವತ್ತು ಊರುಗಳ ಹೆಸರು. ಏಟು ಜಾರಿದರೆ ಮೂವತ್ತೂ ಹಾಳು. ಬ್ಲೇಜ್ ಹಲಗೆ ಹಿಡಿದು ಉಸಿರು ಕಟ್ಟಿ ನಿಂತ. ಬಡಿದೆ, ಉಜ್ಜಿದೆ, ಮತ್ತೆ ಬಡಿದೆ. ತಾಮ್ರ ಸಮವಾಗಿ ಹೊಳೆಯಿತು. ಸುಳ್ಳೇಕೆ, ಹೆಸರು ಹೋದ ದುಃಖವೂ ಮರೆತುಹೋಗಿ ಕುಣಿಯೋಣ ಅನ್ನಿಸಿತು. ದಂಡೆ, ಬಂಡೆ, ಬಂದರು, ಒಂದೊಂದೇ ಗೆರೆ ಸರಸರ ಬಂತು.

ಮುಗಿಸಿ ತಲೆಯೆತ್ತಿದೆ. ಅಪ್ಪ ಕಿಟಕಿಯ ಬೆಳಕಿಗೆ ಎಣ್ಣೆಕಾಗದ ಹಿಡಿದು, ಮಗುಚಿ ಮಗುಚಿ ನೋಡುತ್ತಿದ್ದರು. ಬೆರಳಿಗೆ ಕೆಂಪು ಪುಡಿ ಹತ್ತಿತ್ತು.

"ಏಳು," ಅಂದರು. ನನ್ನ ಜಾಗದಲ್ಲಿ ಕೂತು, ನನ್ನ ಉಳಿ ತೆಗೆದುಕೊಂಡು, ಮೂಗು ತಾಮ್ರಕ್ಕೆ ತಾಗುವಷ್ಟು ಬಗ್ಗಿ ಮೂಲೆಯಲ್ಲಿ ಏನೋ ಕೊರೆದರು. "ಅಚ್ಚು ತೆಗಿ ಬ್ಲೇಜ್."

ಹಾಳೆ ಬಂತು. ಬಂದರು ನೆಲದ ಕಡೆ ಬಂದು ಕೂತಿತ್ತು. ಮೂಲೆಯಲ್ಲಿ ಅಪ್ಪನ ಹೆಸರು, ಪಕ್ಕದಲ್ಲಿ ನನ್ನದು, ಪೆರೆಟ್. ಅದು ಮಾತ್ರ ಎಡಬಲ ತಿರುಗಿತ್ತು. ನಲವತ್ತು ವರ್ಷ ತಿರುಗಿಸಿಯೇ ಕೊರೆದ ಮನುಷ್ಯ ನನ್ನ ಹೆಸರನ್ನು ತಾಮ್ರದ ಮೇಲೆ ನೇರ ಕೊರೆದಿದ್ದರು.

"ಯಜಮಾನ್ರೇ, ಪಟದ ಜೊತೆ ಕನ್ನಡಿನೂ ಮಾರೋದಾ?" ಅಂದ ಬ್ಲೇಜ್.

ಅಪ್ಪನ ಕಿವಿ ಕೆಂಪಾಯಿತು. "ಚಿಕ್ಕೋಳಿದ್ದಾಗ ಇವಳಿಗೆ ಸ್ಲೇಟಿನ ಮೇಲೆ ಹೆಸರು ನೇರವಾಗೇ ಬರೆದುಕೊಡ್ತಿದ್ದೆ. ಕೈ ಹಾಗೇ ಹೋಯ್ತು. ಸುತ್ತಿಗೆ ಕೊಡು, ಅಳಿಸಿ ಸರಿಮಾಡ್ತೀನಿ."

"ಸುತ್ತಿಗೆ ಎಲ್ಲಿಟ್ಟೆನೋ, ಕಾಣ್ತಿಲ್ಲ ಅಪ್ಪ," ಅಂದೆ. ಸುತ್ತಿಗೆಯನ್ನು ಲಂಗದ ಮರೆಗೆ ಸರಿಸಿ ಅದರ ಮೇಲೇ ಕೂತಿದ್ದೆ. ಅಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು.