ಕ್ಯಾಮೆರಾದ ಕಣ್ಣಾಗ ಭಂಡಾರ

"ಅಕ್ಕಾ, ಬ್ಯಾಡ!" ಅಂತ ಪೀರಪ್ಪ ಕೂಗೋದಕ್ಕೂ ತುಳಜಾಬಾಯಿ ಮನೆದೇವರು ಬೀರೋಬಾನ ಹೆಸರು ಹೇಳಿ ಅರಿಶಿನಪುಡಿಯ ಭಂಡಾರ ತೂರೋದಕ್ಕೂ ಸರಿಹೋಯಿತು. ಭಂಡಾರ ನೆಟ್ಟಗೆ ಹೋಗಿ ಬಿದ್ದದ್ದು ಹೊಸ ಡಿಜಿಟಲ್ ಕ್ಯಾಮೆರಾದ ತೆರೆದ ಬಾಯೊಳಗೆ.

ತಪ್ಪು ಪೀರಪ್ಪನದೇ. ಸೊಲ್ಲಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಹಳೆಯ ರೀಲ್ ಕ್ಯಾಮೆರಾ ಎರಡನ್ನೂ ಮಾರಿ ಇದನ್ನು ತಂದಿದ್ದ. ಮರುದಿನ ಅಕ್ಕಲಕೋಟದಲ್ಲಿ ವಕೀಲರ ಮಗಳ ಮದುವೆ. ಇದರದ್ದು ಮೊದಲ ಕೆಲಸ. ಸುತ್ತಾದರೂ ಸರಿ, ಚಪಳಗಾಂವದಲ್ಲಿ ಅಕ್ಕನಿಗೊಮ್ಮೆ ತೋರಿಸಿ ಹೋಗೋಣ ಅಂತ ಬಂದರೆ ಆಕೆ, "ರೀಲ್ ಇಲ್ಲದ ಕ್ಯಾಮೆರಾ ಅಂದ್ರ ಕೆಚ್ಚಲ ಇಲ್ಲದ ಎಮ್ಮಿ" ಅಂದುಬಿಟ್ಟಳು. ರೋಷಕ್ಕೆ ಲೆನ್ಸ್ ಕಳಚಿ, ಒಳಗಿನ ಕನ್ನಡಿ ಎತ್ತಿ, ರೀಲಿನ ಜಾಗದಲ್ಲಿ ಮಿನುಗುವ ಸೆನ್ಸರನ್ನೇ ತೋರಿಸಿದ್ದ. ಕುರಿಮರಿಯಿರಲಿ, ಸೈಕಲ್ಲಿರಲಿ, ಆ ಮನೆಯಲ್ಲಿ ಹೊಸದಕ್ಕೆಲ್ಲ ಭಂಡಾರ ಬೀಳಲೇಬೇಕು. ತುಳಜಾಬಾಯಿಯ ಚಿಟಿಕೆಯೂ ಅಂಥಿಂಥದ್ದಲ್ಲ. ಹಿಂದೊಮ್ಮೆ ಟಗರಿಗೆ ಎರಚಿದ್ದಕ್ಕೆ ಪಕ್ಕದ ಊರು ಹನ್ನೂರಿನ ತನಕ ಕುರಿಗಳೆಲ್ಲ ಹಳದಿ ಹಾಲು ಕೊಟ್ಟವು.

"ತಾ ಇಲ್ಲೆ, ಊದ್ತೀನಿ" ಅಂತ ಅಕ್ಕನ ಗಂಡ ಹಣಮಂತಪ್ಪ ಮುಂದೆ ಬಂದ. "ಕುರಿ ಕಣ್ಣಾಗ ಹೊಟ್ಟು ಬಿದ್ರ ಹಿಂಗs ತೆಗೀತೀನಿ."

"ದೂರ ಸರೀರಿ ದಾಜಿ!" ಪೀರಪ್ಪ ಭಾವನನ್ನು ತಡೆದ. " ಬಾಯಾಗ ತಂಬಾಕ ಐತಿ. ಒಂದು ಹನಿ ಬಿತ್ತಂದ್ರ ನಾಳಿ ಮದಲಗಿತ್ತಿ ಗಲ್ಲದ ಮ್ಯಾಲ ಕರಿ ಮಚ್ಚಿ ಬರತೈತಿ. ಆಕಿಗಿ ಅಷ್ಟs ಅಲ್ಲ, ಆಕಿ ಅತ್ತಿಗೂ, ಭಟ್ಟಂಗೂ, ಎಲ್ಲಾ ಫೋಟೋದಾಗೂ ಅದs ಜಾಗಾಕ್ಕ."

"ಹಂಗಾರ ಧೋತರದ ಚುಂಗಿಲೆ ಒರಸು."

"ಒರಸಿದ್ರ ಗೀರು ಬೀಳತೈತಿ. ಗೀರು ಬಿತ್ತೋ, ನಾನು ನಿಮ್ಮ ಕುರಿ ಕಾಯಾಕ ಬರೂದೇ."

"ನಿನ್ನ ಕೈಯಾಗ ನನ್ನ ಕುರಿ ಕೊಡಾಂವ ಯಾಂವ?" ಅಂದ ಹಣಮಂತಪ್ಪ.

ಪೀರಪ್ಪ ಚೀಲದಿಂದ, ಒತ್ತಿದರೆ ಗಾಳಿ ಊದುವ ರಬ್ಬರಿನ ಗುಂಡು ತೆಗೆದ. ಬ್ಯಾಟರಿ ತುಂಬಿದೆಯೋ ಇಲ್ಲವೋ ನೋಡಿಕೊಂಡ. ನಡುವೆ ಅದು ಸತ್ತರೆ ಎತ್ತಿದ ಕನ್ನಡಿ ದಡ್ ಅಂತ ಬೀಳುತ್ತದೆ. ಇನ್ನೇನು ಗುಂಡು ಒತ್ತಬೇಕು, ತುಳಜಾಬಾಯಿ ಕೈ ಹಿಡಿದಳು.

"ದೇವರನ್ನ ಊದಿ ನೆಲಕ್ಕ ಕೆಡವತಿ ಏನೋ, ಮೂಳ?"

ಅಕ್ಕ ಹಿಡಿದ ಕೈ ಬಿಡಲಿಲ್ಲ. ಆಕೆಯನ್ನು ನೋಯಿಸಿ ಮದುವೆಗೆ ಹೋಗುವುದೂ ಒಂದೇ, ಕ್ಯಾಮೆರಾ ಬಾವಿಗೆ ಎಸೆಯುವುದೂ ಒಂದೇ. ಪೀರಪ್ಪ ಮೀಸೆ ತಿರುವಿದ.

"ನೆಲಕ್ಕ ಯಾಕ ಬೀಳತೈತಿ? ಸೆರಗ ಒಡ್ಡಿ ಕುಂದರು. ಇದರ ಬಾಯಿ ಕೆಳಗ ಮಾಡೇ ಊದಬೇಕಾಗತೈತಿ. ಮ್ಯಾಲ ಮಾಡಿ ಊದಿದ್ರ ಬಂದಿದ್ದು ತಿರುಗಿ ಒಳಗs ಹೋಗತೈತಿ."

ತುಳಜಾಬಾಯಿ ಮಂಡಿಯೂರಿ ಸೆರಗು ಹರವಿದಳು. ಪೀರಪ್ಪ ಕ್ಯಾಮೆರಾ ಬೋರಲು ಹಿಡಿದು, ಗುಂಡಿನ ಮೂತಿ ಒಳಗೆ ತಾಗದಂತೆ ಕೆಳಗಿನಿಂದ ಒತ್ತಿದ. ಫುಸ್. ಹಳದಿ ಹೊಗೆ ಇಳಿಯಿತು. ಫುಸ್, ಫುಸ್. ಉದುರಿದ್ದನ್ನು ತುಳಜಾಬಾಯಿ ಬೆರಳಿಂದ ಒತ್ತಿ ತಮ್ಮನ ಹಣೆಗಿಟ್ಟಳು. ಉಳಿದದ್ದನ್ನು ಗಂಡನಿಗೆ, ತುಸು ಜೋರಾಗಿಯೇ.

ಅಂಗಳಕ್ಕೆ ಬಂದು, ಲೆನ್ಸ್ ಹಾಕಿ, ಒಳಗೆ ಒಂದು ಕಣ ಉಳಿದಿದ್ದರೂ ಕಾಣಲೆಂದು ಅದರ ಕಣ್ಣು ಕಿರಿದು ಮಾಡಿ, ಪೀರಪ್ಪ ಬರೀ ಆಕಾಶದ ಫೋಟೋ ಹೊಡೆದ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ತುಂಬ ನೀಲಿ. ಮೇಲಿನ ಮೂಲೆಯಲ್ಲಿ ಒಂದು ಕರಿ ಚುಕ್ಕೆ.

ಪೀರಪ್ಪ ಪರದೆಯನ್ನು ಅಂಗಿಗೆ ಒರೆಸಿದ. ಮತ್ತೊಂದು ಹೊಡೆದ. ಚುಕ್ಕೆ ನಡುವಿಗೆ ಬಂದಿತ್ತು.

"ಏ, ಇದು ನಡ್ಯಾಕತ್ತೈತಲೋ!" ಅಂದ ಹಣಮಂತಪ್ಪ.

ತುಳಜಾಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಹದ್ದೊಂದು ರೆಕ್ಕೆ ಬಡಿಯದೆ, ಯಾವ ಅವಸರವೂ ಇಲ್ಲದೆ, ಜೋಳದ ಹೊಲದ ಕಡೆ ತೇಲುತ್ತಿತ್ತು.