ಕುಳಿತು ಹೋದ ಮುರಿಗೆಪ್ಪ

ನಾನು ಉಗಿಹಡಗು. ಸ್ಕಾಟ್ಲೆಂಡಿನ ನದಿಯೊಂದರ ದಂಡೆಯಲ್ಲಿ, ಸುತ್ತಿಗೆಗಳ ಸದ್ದಿನ ನಡುವೆ ಹುಟ್ಟಿದೆ. ನನ್ನ ಮೊದಲ ಯಜಮಾನರು ವ್ಯಾಪಾರಿಗಳು. ಮಂಗಳೂರಿನ ಹೆಂಚು, ಕಾಫಿ, ಖರ್ಜೂರ ಹೊತ್ತು ತಿರುಗಿದೆ. ಸರಕು ಮಾತಾಡುವುದಿಲ್ಲ, ನನಗೆ ಅದೇ ಒಗ್ಗಿತ್ತು.

ಮಹಾಯುದ್ಧ ಬಂದಾಗ ಸರ್ಕಾರ ನನ್ನನ್ನು ತೆಗೆದುಕೊಂಡಿತು. ಮೈಗೆ ಬೂದು ಬಣ್ಣ ಬಳಿದರು. ಹೊಟ್ಟೆಯೊಳಗೆ ಹಲಗೆಯ ಮಂಚ ಹೊಡೆದು, ಮುಂಬಯಿಯಲ್ಲಿ ಬಸ್ರಾದ ಯುದ್ಧಕ್ಕೆ ಹೊರಟ ಸಿಪಾಯಿಗಳನ್ನು ತುಂಬಿದರು. ಅವರು ವಾಂತಿ ಮಾಡಿದರು, ಹಾಡಿದರು, ಊರಿನ ಹೆಸರೆತ್ತಿ ಜಗಳವಾಡಿದರು.

ಧಾರವಾಡದ ಕಡೆಯ ಮುರಿಗೆಪ್ಪ ಮತ್ತು ಗುರುಸಿದ್ದ ಒಂದೇ ಊರಿನವರು. ನನ್ನ ಹಾಯಿಬಟ್ಟೆ ಹೊಲಿಯುತ್ತಿದ್ದ ಗಂಗೊಳ್ಳಿಯ ಮಾಧವ ಖಾರ್ವಿಗೆ ಅವರನ್ನು ಕಂಡರೆ ತಮಾಷೆ.

"ಎಂತ ಸಿಪಾಯಿ, ಗುಂಡಿನ್ ಸದ್ದೇ ಕೇಣ್ಲಿಲ್ಲ, ಆಗ್ಳೇ ಮಲ್ಕಂಡ್ಯಾ?"

"ನಮ್ಮೂರ ಕೆರಿ ಹಿಂಗ ಕುಣಿಯೂದಿಲ್ಲಪಾ," ಎನ್ನುತ್ತಿದ್ದ ಮುರಿಗೆಪ್ಪ.

ಬಸ್ರಾ ತಲುಪುವ ಮೊದಲೇ ಮುರಿಗೆಪ್ಪ ಜ್ವರದಲ್ಲಿ ತೀರಿಕೊಂಡ. ಹೆಣವನ್ನು ಕಡಲಿಗಿಳಿಸುವ ಹಡಗಿನ ರೂಢಿಯಂತೆ ಮಾಧವ ಅವನನ್ನು ಉದ್ದಕ್ಕೆ ಮಲಗಿಸಿ, ಕಾಲಿಗೆ ಕಬ್ಬಿಣ ಕಟ್ಟಿ, ಹಾಯಿಬಟ್ಟೆಯಲ್ಲಿ ಹೊಲಿದು ಮುಗಿಸಿದ. ಕಾವಲಿನಿಂದ ಓಡಿಬಂದ ಗುರುಸಿದ್ದ ಅದನ್ನು ಕಂಡು ಕುಸಿದ.

"ಮಲಗಿಸಿಬಿಟ್ಟಿ ಏನಣ್ಣಾ? ನಮ್ಮ ಮಂದಿನ್ನ ಕುಂದ್ರಿಸಿ ಮಣ್ಣು ಮಾಡ್ತಾರ, ಅಂಗೈಯಾಗ ಲಿಂಗ ಇಟ್ಟು. ಬಿಚ್ಚೋ ಯಣ್ಣಾ. ಇವರವ್ವಗ ನಾ ಏನಂತ ಹೇಳ್ಲಿ?"

ಹೊಲಿದ ಹೆಣ ಬಿಚ್ಚಿದರೆ ಹಡಗಿಗೇ ಕೇಡು ಎಂಬುದು ನನ್ನ ಖಲಾಸಿಗಳ ನಂಬಿಕೆ. ಸುತ್ತ ನಿಂತವರೆಲ್ಲ ಬೇಡವೆಂದರು. ಮಾಧವನೂ ಹೆದರಿದ್ದ, ಆದರೂ ಚಾಕು ತೆಗೆದ. ಅವನು ಬಗ್ಗಿ ನನ್ನ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಹೊಲಿಗೆ ಕತ್ತರಿಸಿದ.

ಮೈ ಇನ್ನೂ ಸೆಟೆದಿರಲಿಲ್ಲ. ಇಬ್ಬರೂ ಸೇರಿ ಮುರಿಗೆಪ್ಪನ ಕಾಲು ಮಡಚಿ ಕೂರಿಸಿದರು. ಗುರುಸಿದ್ದ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮುಚ್ಚಿದ. ಮಾಧವ ಕಬ್ಬಿಣವನ್ನು ಅಡಿಗೆ ಕಟ್ಟಿ ಮತ್ತೆ ಹೊಲಿದ.

"ಹಿಡಿ ಮಣ್ಣ ಸುದ್ದಾ ಇಲ್ಲದಂಗಾತಲ್ಲೋ," ಎಂದು ಗುರುಸಿದ್ದ ಅತ್ತ.

"ಕಡ್ಲಿನ್ ಅಡಿಗೂ ಮಣ್ಣೇ ಇಪ್ಪುದ್ ಮಾರಾಯಾ."

ಯಂತ್ರ ಒಂದು ಗಳಿಗೆ ನಿಂತಿತು. ಅಲೆ ಅವನನ್ನು ತೆಗೆದುಕೊಂಡಿತು.

ನನಗೇನೂ ಕೇಡಾಗಲಿಲ್ಲ. ಗುರುಸಿದ್ದ ಬಸ್ರಾದಲ್ಲಿ ಇಳಿದು ಹೋದ. ಎಷ್ಟೋ ಸಲ ಗಾಯಾಳುಗಳನ್ನು ಮನೆಗೆ ತಂದೆ. ಅವರಲ್ಲಿ ಅವನ ಮುಖ ಕಾಣಲಿಲ್ಲ. ಯುದ್ಧ ಮುಗಿದು ಮತ್ತೆ ಸರಕು ಹೊತ್ತಾಗ, ಅದರ ಮೌನ ನನಗೆ ಸೇರಲಿಲ್ಲ.

ಈಗ ನನ್ನನ್ನು ಮುಂಬಯಿಯಲ್ಲಿ ಹಡಗು ಒಡೆಯುವ ದಂಡೆಗೆ ಎಳೆತಂದಿದ್ದಾರೆ. ಮೈಯ ತಗಡುಗಳು ಒಂದೊಂದಾಗಿ ಕಳಚುತ್ತಿವೆ. ಬದುಕಿನುದ್ದಕ್ಕೂ ತೇಲಿದ ನನಗೆ ಮೊದಲ ಸಲ ತಳಕ್ಕೆ ಕಡಲಿನ ಮಣ್ಣು ತಾಗಿದೆ. ತಣ್ಣಗಿದೆ, ಮೆತ್ತಗಿದೆ. ಮಾಧವ ಸುಳ್ಳು ಹೇಳಿರಲಿಲ್ಲ. ಆ ತಾಯಿಗೆ ಇದನ್ನು ತಿಳಿಸಲು ಯಾರಾದರೂ ಊರು ಮುಟ್ಟಿದರೋ ಇಲ್ಲವೋ, ನಾನರಿಯೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಮುರಿಗೆಪ್ಪ ಕುಳಿತೇ ಹೋದ.